ಹೋಮೋಸಿಸ್ಟೀನ್ 42 ಬಂದಿದೆ, ಸೊಪ್ಪು-ಕಾಳು ತಿಂದು ಇಳಿಸಬಹುದಾ?

ನಿಮ್ಮ ಪ್ರಶ್ನೆ ಓದಿ ಎದೆ ಝಲ್ಲೆಂದಿತು. ನಿಮಗೆ 42, ನನಗೆ 2018ರಲ್ಲಿ 46 ಬಂದಿತ್ತು. ಹೋಮೋಸಿಸ್ಟೀನ್ ಅಂದರೆ ರಕ್ತದಲ್ಲಿರುವ ಒಂದು ಅಮೈನೋ ಆಮ್ಲ, 15ರೊಳಗೆ ಇರಬೇಕಾದದ್ದು. ಜಾಸ್ತಿಯಾದರೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು ಅನ್ನುತ್ತಾರೆ. ವಿಟಮಿನ್ ಬಿ12 ಬರೀ 132, ತೀರಾ ಕಡಿಮೆ. ಡಾಕ್ಟರು ಬಿ12 ಇಂಜೆಕ್ಷನ್ ಬರೆದುಕೊಟ್ಟರು. ನಾನೋ ಚೀಟಿ ಜೇಬಿಗೆ ಹಾಕಿಕೊಂಡು ಸೀದಾ ಸೊಪ್ಪಿನ ಅಂಗಡಿಗೆ ಹೋದೆ. ಎಂಟು ತಿಂಗಳು ದಿನಾ ದಂಟಿನ ಸೊಪ್ಪಿನ ಬಸ್ಸಾರು, ಮೆಂತ್ಯ ಸೊಪ್ಪು, ಮೊಳಕೆ ಹೆಸರುಕಾಳು.

ಮತ್ತೆ ಟೆಸ್ಟ್ ಮಾಡಿಸಿದರೆ 31. ಗೆದ್ದೆ ಅಂದುಕೊಂಡೆ. ನಾನು ಎಡವಿದ್ದು ಇಲ್ಲೇ, ಬಿಡಿಸಿ ಹೇಳುತ್ತೇನೆ. ಹೋಮೋಸಿಸ್ಟೀನ್ ಇಳಿಯಲು ಫೋಲೇಟ್ ಅನ್ನುವ ಇನ್ನೊಂದು ವಿಟಮಿನ್, ಬಿ12 ಎರಡೂ ಬೇಕು. ಸೊಪ್ಪು-ಕಾಳಿನಲ್ಲಿ ಫೋಲೇಟ್ ಇದೆ, ಬಿ12 ಇಲ್ಲ. ನನಗೆ ಎರಡೂ ಕಡಿಮೆಯಿದ್ದವು. ಫೋಲೇಟ್ ತುಂಬಿತು, ಅಂಕಿ ಅರ್ಧ ದಾರಿ ಇಳಿದು ನಿಂತಿತು. ಬಿ12 ಮತ್ತೆ ನೋಡಿಸಲೇ ಇಲ್ಲ. ಹಿಮೋಗ್ಲೋಬಿನ್ ಚೆನ್ನಾಗಿದೆಯಲ್ಲ ಅಂತ ಧೈರ್ಯ ಬೇರೆ. ಆದರೆ ಫೋಲೇಟ್ ಸಾಕಷ್ಟಿದ್ದರೆ ರಕ್ತ ಸರಿಯಾಗೇ ಕಾಣಬಹುದು, ಬಿ12 ಇಲ್ಲದೆ ನರಗಳು ಒಳಗೊಳಗೇ ಹಾಳಾಗುತ್ತಿರಬಹುದು. ಪಾದ ಜೋಮು ಹಿಡಿಯುತ್ತಿತ್ತು. ಕಾಲಿನಿಂದ ಚಪ್ಪಲಿ ಕಳಚಿಬಿದ್ದರೂ ಗೊತ್ತಾಗುತ್ತಿರಲಿಲ್ಲ.

ಒಂದು ಬೆಳಗ್ಗೆ ಎಡಗಾಲು ಮಂಡಿಯಿಂದ ಕೆಳಗೆ ತಣ್ಣಗೆ, ಬಿಳಿಚಿಕೊಂಡಿತ್ತು. ತಡೆಯಲಾಗದ ನೋವು. ಅಪಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲೂನಿರುವ ಸಣ್ಣ ಕೊಳವೆ ಹಾಕಿ ತೆಗೆದರು. ಎರಡು ಬೆರಳು ಉಳಿಯಲಿಲ್ಲ. ಆಗ ಸಿಗರೇಟೂ ಸೇದುತ್ತಿದ್ದೆ, ಹಾಗಾಗಿ ಹೋಮೋಸಿಸ್ಟೀನ್ ಒಂದೇ ಕಾರಣ ಅಂತ ಸರ್ಜನ್ ಹೇಳಲಿಲ್ಲ.

‘ಹೇಗೆ ಇಳಿಸೋದು’ ಅನ್ನುವ ಪ್ರಶ್ನೆಯನ್ನೇ ಬಿಡಿ. 2006ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ವಿಟಮಿನ್ ಕೊಟ್ಟು ಅಂಕಿ ಇಳಿಸಿದರೂ ಹೃದಯಾಘಾತ ಕಡಿಮೆಯಾಗಲಿಲ್ಲ. ‘ನನಗೆ ಬಿ12 ಎಷ್ಟಿದೆ, ಕಡಿಮೆಯಿದ್ದರೆ ಯಾಕೆ’ ಅಂತ ಕೇಳಿ. ನಾನು ದಿನಾ ಬಿ12 ಇರುವ ಹಾಲು-ಮೊಸರು ತಿನ್ನುವವನು, ಆದರೂ ಕಡಿಮೆಯಿತ್ತು. ಬಿ12 ಹೀರಿಕೊಳ್ಳಲು ಹೊಟ್ಟೆಯಲ್ಲಿ ತಯಾರಾಗುವ ಒಂದು ಪ್ರೋಟೀನ್ ಬೇಕು. ನನ್ನ ದೇಹವೇ ಅದರ ಮೇಲೆ ದಾಳಿ ಮಾಡುತ್ತಿತ್ತು ಅಂತ ಆಸ್ಪತ್ರೆ ಸೇರಿದ ಮೇಲೆ ಗೊತ್ತಾಯಿತು. ತಿಂದದ್ದು ಮೈಗೆ ಹತ್ತುತ್ತಲೇ ಇರಲಿಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ಗೆ ಒಮೆಪ್ರಜೋಲ್ ವರ್ಷಗಟ್ಟಲೆ ನುಂಗುವವರಿಗೂ ಬಿ12 ಇಳಿಯಬಹುದು. ನೀವೂ ಅಂಥದ್ದೇನಾದರೂ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ.

ಬಸ್ಸಾರು ಬಿಡಬೇಡಿ. ಆದರೆ ನಾಳೆಯೇ ಬಿ12 ನೋಡಿಸಿ, ಇಂಜೆಕ್ಷನ್ ಬರೆದರೆ ಅವತ್ತೇ ಹಾಕಿಸಿಕೊಳ್ಳಿ. ಕಾಲೋ ಕೈಯೋ ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ. ಅಲ್ಲಿ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ.