ಹೀಲಿಯಂ ಅಯಾನಿಗೆ ಬೆಳಕಿನ ಬಾಚಣಿಗೆ

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪರಮಾಣುವಿನ ಬೋರ್ ಮಾದರಿ (ನ್ಯೂಕ್ಲಿಯಸ್ ಸುತ್ತ ಎಲೆಕ್ಟ್ರಾನ್ ಸುತ್ತುವ ಚಿತ್ರ) ಮುಗಿಸಿದ ದಿನ ಹುಡುಗನೊಬ್ಬ, ‘ಸರ್, ಹೈಡ್ರೊಜನ್ ಲೆಕ್ಕ 1913ರಲ್ಲೇ ಮುಗಿದಿದ್ದರೆ ಈಗಲೂ ಲೇಸರ್ ಹಿಡಿದು ಅಳೆಯುವುದು ಯಾಕೆ?’ ಅಂದ. ‘ಎಕ್ಸ್‌ಟ್ರೀಮ್ ಅಲ್ಟ್ರಾವಯಲೆಟ್ ಫ್ರೀಕ್ವೆನ್ಸಿ ಕೋಂಬ್’ ಅಂತ ಎಲ್ಲೋ ಓದಿದ್ದನಂತೆ. ಬಾಚಣಿಗೆಗೂ ಪರಮಾಣುವಿಗೂ ಏನು ಸಂಬಂಧ?
– ಭೌತಶಾಸ್ತ್ರ ಉಪನ್ಯಾಸಕ, ಹಾಸನ

ಉತ್ತರ: ಮೇಷ್ಟ್ರೇ, ಹುಡುಗನಿಗೆ 1913ರ ಉಳಿದರ್ಧ ಕಥೆಯನ್ನೂ ಹೇಳಿಬಿಡಿ. ನಕ್ಷತ್ರವೊಂದರ ಬೆಳಕಿನಲ್ಲಿ ಖಗೋಳವಿಜ್ಞಾನಿ ಪಿಕರಿಂಗ್ ಕಂಡಿದ್ದ ಕೆಲವು ರೋಹಿತದ ಗೆರೆಗಳನ್ನು (ನಿರ್ದಿಷ್ಟ ಆವೃತ್ತಿಯ ಬೆಳಕನ್ನು) ಆಗ ಹೈಡ್ರೊಜನ್ನಿನವೆಂದೇ ನಂಬಿದ್ದರು. ಅವು ಒಂದು ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂನವು, ಅಂದರೆ ಹೀಲಿಯಂ ಅಯಾನಿನವು, ಅದರ ಆವೃತ್ತಿಗಳ ಲೆಕ್ಕ ಹೈಡ್ರೊಜನ್ನಿನ ನಾಲ್ಕು ಪಟ್ಟು ಎಂದರು ಬೋರ್. ಲಂಡನ್ನಿನ ಆಲ್‌ಫ್ರೆಡ್ ಫೌಲರ್ ತಕರಾರು ತೆಗೆದರು: ಅಳೆದರೆ 4 ಬರುತ್ತಿಲ್ಲ, 4.0016 ಬರುತ್ತಿದೆ! ನಾನಾಗಿದ್ದರೆ ಉಪಕರಣದ ದೋಷ ಅಂತ ಕೈತೊಳೆದುಕೊಳ್ಳುತ್ತಿದ್ದೆನೇನೋ. ಬೋರ್ ತಮ್ಮ ಲೆಕ್ಕವನ್ನೇ ಮತ್ತೆ ಬಿಚ್ಚಿ ಕೂತರು. ನ್ಯೂಕ್ಲಿಯಸ್ ನಿಂತಲ್ಲೇ ನಿಂತಿರುವುದಿಲ್ಲ, ಎಲೆಕ್ಟ್ರಾನ್ ಸುತ್ತುವಾಗ ಅದೂ ಒಂದಿಷ್ಟು ಅಲ್ಲಾಡುತ್ತದೆ. ಹಗುರವಾದ ಹೈಡ್ರೊಜನ್ನಿನದು ಹೆಚ್ಚು, ಹೀಲಿಯಂನದು ಕಡಿಮೆ. ಇದನ್ನು ಸೇರಿಸಿದ್ದೇ 4.0016 ತಾನಾಗಿ ಬಂತು. ಮೂರನೆಯ ದಶಮಾಂಶದಲ್ಲಿ ನ್ಯೂಕ್ಲಿಯಸ್ಸಿನ ತೂಕ ಅಡಗಿ ಕೂತಿತ್ತು.

ಈಗ ನಡೆಯುತ್ತಿರುವುದೂ ಅದೇ ಜಗಳ, ದಶಮಾಂಶ ಮಾತ್ರ ಬಹಳ ಮುಂದೆ ಹೋಗಿದೆ. ಹೈಡ್ರೊಜನ್ 1Sನಿಂದ (ಅತಿ ಕೆಳಗಿನ ಶಕ್ತಿಮಟ್ಟ) 2S ಮಟ್ಟಕ್ಕೆ (ಅದರ ಮೇಲಿನದು) ಏರುವ ಆವೃತ್ತಿಯನ್ನು ಜರ್ಮನಿಯ ಗಾರ್ಷಿಂಗ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2013ರಲ್ಲಿ 2466061413187018 ಹರ್ಟ್ಸ್ ಎಂದು ಪ್ರಕಟಿಸಿದರು. ಅನುಮಾನವಿರುವುದು 11 ಹರ್ಟ್ಸ್‌ನಷ್ಟು. ಬೇರೆ ಪರಮಾಣುಗಳನ್ನೂ ಇಷ್ಟು ನಿಖರವಾಗಿ ಅಳೆಯಬಹುದು, ಆದರೆ ಕಬ್ಬಿಣದ 26 ಎಲೆಕ್ಟ್ರಾನ್‌ಗಳಿಗೆ ಇಷ್ಟೇ ಅಂಕಿಗಳ ಲೆಕ್ಕ ಹಾಕಿ ತಾಳೆ ನೋಡುವವರು ಯಾರು? ಒಂಟಿ ಎಲೆಕ್ಟ್ರಾನಿಗಾದರೆ ಕ್ವಾಂಟಂ ವಿದ್ಯುದ್ಗತಿಶಾಸ್ತ್ರದಲ್ಲಿ (ಬೆಳಕು ಮತ್ತು ಎಲೆಕ್ಟ್ರಾನ್‌ಗಳ ಒಡನಾಟದ ಸಿದ್ಧಾಂತ) ಆ ಲೆಕ್ಕ ಸಾಧ್ಯ.

ತೊಡಕು ಇಷ್ಟು: ಆ ಅಂಕಿಯೊಳಗೆ ರಿಡ್‌ಬರ್ಗ್ ಸ್ಥಿರಾಂಕವೂ (ಪರಮಾಣುವಿನ ಶಕ್ತಿಮಟ್ಟಗಳ ಅಳತೆಗೋಲು) ಇದೆ, ಪ್ರೋಟಾನಿನ ಗಾತ್ರವೂ ಇದೆ. ಸಮೀಕರಣ ಒಂದು, ಅಜ್ಞಾತ ಎರಡು. 2010ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಎಲೆಕ್ಟ್ರಾನ್ ಬದಲು ಅದರ ಭಾರವಾದ ಸೋದರ ಕಣ ಮ್ಯೂಆನ್ ಇಟ್ಟ ಹೈಡ್ರೊಜನ್ನನ್ನು ಅಳೆದಾಗ ಪ್ರೋಟಾನ್ ತ್ರಿಜ್ಯ 0.84 ಫೆಮ್ಟೊಮೀಟರ್ (ನ್ಯಾನೊಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ಫೆಮ್ಟೊಮೀಟರ್) ಎಂದು ಬಂತು. ಅಲ್ಲಿಯವರೆಗೆ ಎಲ್ಲರೂ ಒಪ್ಪಿದ್ದು 0.88ರ ಆಸುಪಾಸು. ಆ ಗಲಾಟೆ ವರ್ಷಗಟ್ಟಲೆ ನಡೆಯಿತು. ಹೀಗಿರುವಾಗ ಹೈಡ್ರೊಜನ್ನಿನ ಹೊರಗೊಂದು ಸಾಕ್ಷಿ ಬೇಕಲ್ಲ? ಫೌಲರ್ ಹಿಡಿದ ಆ ಹೀಲಿಯಂ ಅಯಾನೇ ಮತ್ತೆ ಕಟಕಟೆಗೆ ಬಂದಿದೆ. ಅದರಲ್ಲಿ ಉಳಿದಿರುವುದೂ ಒಂಟಿ ಎಲೆಕ್ಟ್ರಾನೇ. ಅದರ ನ್ಯೂಕ್ಲಿಯಸ್ಸಿನ ತ್ರಿಜ್ಯ, 1.678 ಫೆಮ್ಟೊಮೀಟರ್, ಮ್ಯೂಆನ್ ಪ್ರಯೋಗದಿಂದ 2021ರಲ್ಲಿ ಗೊತ್ತಾಗಿದೆ. ಮೇಲಾಗಿ ಸಿದ್ಧಾಂತದ ಅತಿ ಕಠಿಣ ಪದಗಳು ನ್ಯೂಕ್ಲಿಯಸ್ಸಿನ ವಿದ್ಯುದಂಶದ ಆರನೆಯ ಘಾತದಂತೆ ಬೆಳೆಯುತ್ತವೆ. ಹೀಲಿಯಂನಲ್ಲಿ ವಿದ್ಯುದಂಶ ಹೈಡ್ರೊಜನ್ನಿನ ದುಪ್ಪಟ್ಟು, ಹಾಗಾಗಿ ಅವು 64 ಪಟ್ಟು. ತಪ್ಪಿದ್ದರೆ ಇಲ್ಲಿ ಬಚ್ಚಿಟ್ಟುಕೊಳ್ಳುವುದು ಕಷ್ಟ.

ಬಾಚಣಿಗೆ ಬರುವುದು ಈಗ. ಹೀಲಿಯಂ ಅಯಾನನ್ನು 1Sನಿಂದ 2Sಗೆ ಎರಡು ಸಮ ಫೋಟಾನ್‌ಗಳಿಂದ (ಬೆಳಕಿನ ಕಣಗಳಿಂದ) ಏರಿಸಲು 60.8 ನ್ಯಾನೊಮೀಟರ್ ತರಂಗದೂರದ ಬೆಳಕು, ಅಂದರೆ ಹುಡುಗ ಓದಿದ ಎಕ್ಸ್‌ಟ್ರೀಮ್ ಅಲ್ಟ್ರಾವಯಲೆಟ್ (ತೀವ್ರ ನೇರಳಾತೀತ) ಬೆಳಕು ಬೇಕು. ಅಲ್ಲಿಗೆ ಅಂಗಡಿಯಲ್ಲಿ ಲೇಸರ್ ಸಿಗುವುದಿಲ್ಲ. ಗಾಜು ಆ ಬೆಳಕನ್ನು ಬಿಡುವುದಿಲ್ಲ, ಗಾಳಿಯೂ ನುಂಗಿಹಾಕುತ್ತದೆ, ಎಲ್ಲವೂ ನಿರ್ವಾತದಲ್ಲೇ ನಡೆಯಬೇಕು. ಹಾಗಾಗಿ 1033 ನ್ಯಾನೊಮೀಟರಿನ ಅವಕೆಂಪು ಲೇಸರಿನಿಂದ ಹೊರಡುತ್ತಾರೆ. ಅದು ಒಂದೇ ಲಯದಲ್ಲಿ ಚಿಕ್ಕ ಚಿಕ್ಕ ಮಿಡಿತಗಳನ್ನು ಉಗುಳುತ್ತದೆ. ಲಯ ಕರಾರುವಾಕ್ಕಾಗಿದ್ದರೆ, ಆ ಬೆಳಕನ್ನು ಆವೃತ್ತಿಗಳಾಗಿ ಬಿಡಿಸಿದಾಗ ಸಮಾನ ಅಂತರದ ಲಕ್ಷಾಂತರ ಗೆರೆಗಳು ಸಿಗುತ್ತವೆ. ಬಾಚಣಿಗೆ ಅಂದರೆ ಇದು. ಇದಕ್ಕೇ 2005ರ ನೊಬೆಲ್‌ನ ಅರ್ಧ ಪಾಲು ಹೆನ್ಷ್ ಮತ್ತು ಹಾಲ್ ಅವರಿಗೆ ಹೋಯಿತು. ಹಲ್ಲುಗಳ ಅಂತರ ರೇಡಿಯೊ ಆವೃತ್ತಿಯಷ್ಟು ಚಿಕ್ಕದು, ಪರಮಾಣು ಗಡಿಯಾರಕ್ಕೆ ಹೋಲಿಸಿ ಎಣಿಸಬಹುದು.

ಈ ಮಿಡಿತಗಳನ್ನು ಕನ್ನಡಿಗಳ ನಡುವೆ ಸುತ್ತಿಸಿ ಬಲಪಡಿಸಿ, ಜಡಾನಿಲದ ಸಣ್ಣ ಚಿಲುಮೆಯ ಮೇಲೆ ಕೇಂದ್ರೀಕರಿಸುತ್ತಾರೆ. ಅನಿಲ ಮೂಲ ಆವೃತ್ತಿಯ 3, 5, 7, … ಪಟ್ಟಿನ ಬೆಳಕನ್ನು ಹೊರಬಿಡುತ್ತದೆ, 17ನೆಯದು 60.8 ನ್ಯಾನೊಮೀಟರಿನದು. ಒಂದು ಅವಕೆಂಪು ಮಿಡಿತಕ್ಕೆ ಒಂದು ನೇರಳಾತೀತ ಮಿಡಿತ, ಹಾಗಾಗಿ ಲಯ ಕೆಡುವುದಿಲ್ಲ. ತಾಳ ಅದೇ, ಶ್ರುತಿ ಮಾತ್ರ ಹದಿನೇಳು ಪಟ್ಟು ಮೇಲೆ. ಹಲ್ಲುಗಳ ಅಂತರವೂ ಮೊದಲಿನಷ್ಟೇ ಉಳಿಯುತ್ತದೆ. 2005ರಲ್ಲಿ ಗಾರ್ಷಿಂಗ್ ಮತ್ತು ಅಮೆರಿಕದ ಬೌಲ್ಡರ್ ತಂಡಗಳು ಇಂಥ ಬಾಚಣಿಗೆ ಮಾಡಿ ತೋರಿಸಿದವು. 2012ರಲ್ಲಿ ಬೌಲ್ಡರ್‌ನವರು ಅದರಿಂದಲೇ ಆರ್ಗಾನ್, ನಿಯಾನ್ ಗೆರೆಗಳನ್ನು ಅಳೆದರು.

ಲಕ್ಷ ಹಲ್ಲಿಗೆ ಹಂಚಿಹೋದ ಬೆಳಕಿನಿಂದ ಒಂದು ಅಯಾನಿಗೆ ಏನು ಸಿಕ್ಕೀತು ಅಂತ ನಿಮಗೆ ಅನ್ನಿಸಬಹುದು. ನನಗೆ ಇದರಲ್ಲಿ ಅತ್ಯಂತ ಇಷ್ಟವಾದ ಭಾಗ ಅದೇ. ಒಟ್ಟು ನೂರು ಬೇಕೆನ್ನಿ: 50+50 ಆಗುತ್ತದೆ, 49+51 ಆಗುತ್ತದೆ, 48+52 ಕೂಡ. ನಟ್ಟನಡುವಿನ ಹಲ್ಲು ಸರಿಯಾಗಿ ಕೂತರೆ ಎಡಬಲದ ಪ್ರತಿ ಜೋಡಿಯೂ ಅದೇ ಮೊತ್ತ ಕೊಡುತ್ತದೆ, ಒಂದು ಹಲ್ಲೂ ದಂಡವಾಗುವುದಿಲ್ಲ. ಮಿಡಿತಗಳು ಎದುರುಬದುರಾಗಿ ಬಂದು ಅಯಾನಿನ ಮೇಲೆಯೇ ಸಂಧಿಸುವಂತೆ ಮಾಡಿದರೆ, ಒಂದೊಂದು ಕಡೆಯಿಂದ ಒಂದೊಂದು ಫೋಟಾನ್ ಹೀರಿದಾಗ ಡಾಪ್ಲರ್ ಪಲ್ಲಟವೂ (ಅಯಾನಿನ ಚಲನೆಯಿಂದ ಆವೃತ್ತಿ ಬದಲಾದಂತೆ ಕಾಣುವುದು) ಬಹುಮಟ್ಟಿಗೆ ವಜಾ.

ಆಮ್‌ಸ್ಟರ್‌ಡ್ಯಾಮ್ ತಂಡದ ದಾರಿ ಬೇರೆ. 790 ನ್ಯಾನೊಮೀಟರಿನ ಒಂದು ಫೋಟಾನ್, ಅದರ 25ನೇ ಹಾರ್ಮೋನಿಕ್‌ನ (25 ಪಟ್ಟು ಆವೃತ್ತಿಯ) ಒಂದು ಫೋಟಾನ್ ಸೇರಿಸಿ ಅವರು 2024ರಲ್ಲಿ ಈ ಏರಿಕೆಯನ್ನು ಮಾಡಿ ತೋರಿಸಿದರು.

ಅಯಾನ್ ಏರಿತೆಂದು ತಿಳಿಯುವುದು ಹೇಗೆ? ಇದನ್ನು ಹುಡುಗನಿಂದಲೇ ಬೋರ್ಡಿನ ಮೇಲೆ ಮಾಡಿಸಿ. 2Sನಲ್ಲಿರುವ ಹೀಲಿಯಂ ಅಯಾನಿನ ಎಲೆಕ್ಟ್ರಾನನ್ನು ಕೀಳಲು 13.6×4÷4 (ಗುಣಿಸುವ 4 ವಿದ್ಯುದಂಶ 2ರ ವರ್ಗ, ಭಾಗಿಸುವ 4 ಮಟ್ಟ 2ರ ವರ್ಗ), ಅಂದರೆ 13.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು. 60.8 ನ್ಯಾನೊಮೀಟರಿನ ಫೋಟಾನಿನಲ್ಲಿ 20.4 ಇದೆ. ಮೂರನೆಯ ಫೋಟಾನ್ ಬಂದು ತಾಗಿದರೆ ಉಳಿದ ಎಲೆಕ್ಟ್ರಾನೂ ಹಾರಿಹೋಗಿ ಬರೀ ನ್ಯೂಕ್ಲಿಯಸ್ ಉಳಿಯುತ್ತದೆ. ಪ್ರಯೋಗಾಲಯದಲ್ಲಿ ಎಣಿಸುವುದು ಅದನ್ನೇ.