ಗಂಡ ಹೆಂಡತಿ ಜೊತೆಯಾಗಿ ಹಾಫ್ ಐರನ್‌ಮ್ಯಾನ್ ಮಾಡಬಹುದಾ?

ಪ್ರಶ್ನೆ: ನಾನು, ನನ್ನ ಹೆಂಡತಿ ಇಬ್ಬರೂ ಮುಂದಿನ ಸಲ ಗೋವಾದ ಐರನ್‌ಮ್ಯಾನ್ 70.3ಗೆ ಹೆಸರು ಕೊಡಬೇಕು ಅಂದುಕೊಂಡಿದ್ದೇವೆ. ಇಬ್ಬರಿಗೂ ಇದೇ ಮೊದಲು. ಶುರುವಿನಿಂದ ಕೊನೆವರೆಗೆ ಜೊತೆಯಾಗಿಯೇ ಹೋಗಬಹುದಾ? ಇಲ್ಲಾ ಅವರವರ ಪಾಡಿಗೆ ಹೋಗುವುದು ಒಳ್ಳೆಯದಾ?

ಉತ್ತರ: ಎರಡು ವರ್ಷದ ಹಿಂದೆ ನಾನೂ ನಮ್ಮನೆಯವರೂ ಇದೇ ಗೋವಾದಲ್ಲಿ ಈ ಈಜು, ಸೈಕಲ್, ಓಟದ ರೇಸ್ ಮಾಡಿದೆವು. ನನಗೆ 7 ಗಂಟೆ 44 ನಿಮಿಷ ಹಿಡಿಯಿತು, ಅವರಿಗೆ 8 ಗಂಟೆ 21 ನಿಮಿಷ. ಮಧ್ಯದ ಆ 37 ನಿಮಿಷದ ಬಗ್ಗೆ ನಮ್ಮ ಮನೆಯಲ್ಲಿ ಇವತ್ತಿಗೂ ಮಾತು ಬರುತ್ತದೆ. ಅದಕ್ಕೇ ನಿಮಗೆ ಉತ್ತರ ಬರೆಯಲು ಕೂತೆ.

ನನ್ನ ಕೇಳಿದರೆ, ರೇಸ್ ದಿನ ಅವರವರ ಪಾಡಿಗೆ ಹೋಗಿ. ಯಾರಿಗೆ ಏನಾದರೆ ಇನ್ನೊಬ್ಬರು ಏನು ಮಾಡಬೇಕು ಅನ್ನುವುದನ್ನು ಮಾತ್ರ ಮನೆಯಲ್ಲೇ, ಸಮಾಧಾನವಾಗಿರುವಾಗ ಮಾತಾಡಿಕೊಂಡು ಬಿಡಿ. ಸಮುದ್ರದ ದಡದಲ್ಲಿ ನಿಂತು ಆ ಮಾತು ಆಡಲು ಆಗುವುದಿಲ್ಲ.

ಲೆಕ್ಕ ನಿಮಗೆ ಗೊತ್ತೇ ಇರುತ್ತದೆ, ಆದರೂ ಹೇಳುತ್ತೇನೆ. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ಒಂದರ ಹಿಂದೆ ಒಂದು. ಒಟ್ಟು 113 ಕಿ.ಮೀ. ಮೈಲಿಯಲ್ಲಿ ಅದೇ 70.3. ಈಜಿಗೆ 1 ಗಂಟೆ 10 ನಿಮಿಷ ಗಡುವು. ಶುರುವಾದಲ್ಲಿಂದ 5 ಗಂಟೆ 30 ನಿಮಿಷದೊಳಗೆ ಸೈಕಲ್ ಇಳಿದಿರಬೇಕು. ಎಲ್ಲಾ ಸೇರಿ 8 ಗಂಟೆ 30 ನಿಮಿಷ. ಕೇಳಲು ಧಾರಾಳ ಸಮಯ ಅನ್ನಿಸುತ್ತದೆ, ಅಲ್ವಾ? 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಮುಗಿಸಿದ್ದು 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ. ದಾರಿಯಲ್ಲಿ ಒಂದು ಪಂಕ್ಚರ್ ಆದರೆ ಮುಗೀತು ಅನ್ನುವಷ್ಟೇ ಅಂತರ. ನಿಮ್ಮಿಬ್ಬರಲ್ಲಿ ಒಬ್ಬರು ನಿಧಾನ ಇದ್ದು, ಇನ್ನೊಬ್ಬರು ಅವರಿಗಾಗಿ ಕಾಯುತ್ತ ಹೋದರೆ ಇಬ್ಬರೂ ಗಡುವಿನ ಆಚೆ ಬೀಳಬಹುದು.

ಇನ್ನು ನಿಯಮಗಳು. ಸೈಕಲ್ ಮೇಲೆ ಜೊತೆಯಾಗಿ ಹೋಗಲು ನೀವು ಬಯಸಿದರೂ ಬಿಡುವುದಿಲ್ಲ. ಮುಂದಿನ ಸೈಕಲ್ಲಿನ ಬೆನ್ನಿಗೆ ಅಂಟಿಕೊಂಡರೆ ಗಾಳಿಯ ಹೊಡೆತ ಕಡಿಮೆಯಾಗಿ ಪುಕ್ಕಟೆ ವೇಗ ಸಿಗುತ್ತದೆ. ಅದಕ್ಕೆ ಡ್ರಾಫ್ಟಿಂಗ್ ಅನ್ನುತ್ತಾರೆ, ಅದು ತಪ್ಪು. ನಮ್ಮಂಥ ಹವ್ಯಾಸಿಗಳಿಗೆ 12 ಮೀಟರ್ ಅಂತರ, ಹೆಚ್ಚುಕಡಿಮೆ ಒಂದು ಸಾರಿಗೆ ಬಸ್ಸಿನ ಉದ್ದ. ಆ ಅಂತರದೊಳಗೆ ನುಗ್ಗಿದರೆ 25 ಸೆಕೆಂಡಿನಲ್ಲಿ ದಾಟಿ ಮುಂದೆ ಹೋಗಬೇಕು. ಸಿಕ್ಕಿಬಿದ್ದರೆ 5 ನಿಮಿಷ ದಂಡ, ಟೆಂಟಿನಲ್ಲಿ ಸುಮ್ನೆ ನಿಂತಿರಬೇಕು. ಪಕ್ಕಪಕ್ಕ ಹರಟುತ್ತ ಹೋಗುವುದೂ ಇಲ್ಲ. ಗಂಡ ಹೆಂಡತಿ ಅಂತ ವಿನಾಯಿತಿ ಏನೂ ಇಲ್ಲ.

ಆದರೆ ಒಂದು ಅನುಕೂಲ ಇದೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ರಸ್ತೆ ಬದಿ ನಿಂತ ಅಣ್ಣನೋ ಅತ್ತೆಯೋ ನಿಮಗೆ ಒಂದು ಬಾಟಲಿ ನೀರು ಕೊಟ್ಟರೂ ತಪ್ಪು. ಅದೇ ರೇಸಿನಲ್ಲಿ ಇರುವ ಇನ್ನೊಬ್ಬರು ಶಕ್ತಿಗೆ ತಿನ್ನುವ ಜೆಲ್, ಉಪ್ಪಿನ ಮಾತ್ರೆ, ಟ್ಯೂಬ್, ಪಂಪು ಕೊಡಬಹುದು. ಕೊಟ್ಟವರು ಮುಂದೆ ಹೋಗಲಾಗದಂಥ ವಸ್ತು ಮಾತ್ರ ಕೊಡುವಂತಿಲ್ಲ. ಅಂದರೆ ನಿಮ್ಮ ಚಕ್ರ ಒಡೆದರೆ ಹೆಂಡತಿಯ ಚಕ್ರ ಬಿಚ್ಚಿಕೊಂಡು ಹೋಗುವ ಹಾಗಿಲ್ಲ.

ಓಟದಲ್ಲಿ ಇಬ್ಬರೂ ಸ್ಪರ್ಧಿಗಳಾದರೆ ಜೊತೆಗೆ ಓಡಲು ಅಡ್ಡಿಯಿಲ್ಲ.

ಈಗ ನಮ್ಮ ಕಥೆ. ನಾನು ಮೈಸೂರಿನವಳು. ಈಜು ಕಲಿತದ್ದೇ 36ನೇ ವಯಸ್ಸಿಗೆ. ನಮ್ಮನೆಯವರು ಕುಮಟಾ ಕಡೆಯವರು, ಸಮುದ್ರದ ಪಕ್ಕ ಬೆಳೆದವರು. ನೀರಿಗೆ ಬಿದ್ದರೆ ಮೀನು. ಬಿಸಿಲಿನಲ್ಲಿ ಓಡು ಅಂದರೆ ಮಾತ್ರ ಮುಖ ಸಪ್ಪೆ. ಹೀಗೆ ಒಬ್ಬರ ಗಟ್ಟಿತನ ಇನ್ನೊಬ್ಬರಿಗೆ ಇಲ್ಲದ ಜೋಡಿಗೆ ಜೊತೆಯಾಗಿ ಹೋಗುವುದು ಇನ್ನೂ ಕಷ್ಟ.

ಅವರೇ ನನಗೆ ಈಜು ತಿದ್ದುತ್ತೇನೆ ಅಂತ ಹೊರಟರು. ದಯವಿಟ್ಟು ಇದೊಂದು ಕೆಲಸ ಮಾಡಬೇಡಿ. ಗಂಡನ ಹತ್ತಿರ ಕಾರು ಕಲಿತವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಅರ್ಥವಾಗುತ್ತದೆ. ಮೂರನೇ ದಿನಕ್ಕೆ ನಾನು ಕೊಳದ ಆ ತುದಿ, ಅವರು ಈ ತುದಿ. ಕೊನೆಗೆ ಕೊಳದಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದ ಹುಡುಗಿಯೊಬ್ಬಳ ಹತ್ತಿರ ಕಲಿತೆ. 50 ಮೀಟರ್ ಕೊಳದಲ್ಲಿ 38 ಸಲ ಈ ತುದಿಯಿಂದ ಆ ತುದಿ ಮುಟ್ಟಿದರೆ 1.9 ಕಿ.ಮೀ. ಮೊದಲ ತಿಂಗಳು ನಾನು ನಾಲ್ಕಕ್ಕೇ ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದೆ.

ಮನೆಯಲ್ಲಿ ಒಬ್ಬರು ಮಾತ್ರ ತಯಾರಿ ಮಾಡುತ್ತಿದ್ದರೆ ಇನ್ನೊಬ್ಬರು ಮನೆ ನೋಡಿಕೊಳ್ಳುತ್ತಾರೆ. ಇಬ್ಬರೂ ಹೊರಟರೆ? ನಮಗೆ 11 ವರ್ಷದ ಮಗಳಿದ್ದಾಳೆ. ವಾರಕ್ಕೆ ತಲಾ ಎಂಟು ಹತ್ತು ಗಂಟೆ ಬೇಕಿತ್ತು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಅವರದ್ದು. ಮಂಗಳವಾರ, ಗುರುವಾರ, ಶನಿವಾರ ನನ್ನದು. ಮನೆಯಲ್ಲಿ ಉಳಿದವರು ಡಬ್ಬಿ ಕಟ್ಟಿ, ಜಡೆ ಹಾಕಿ ಶಾಲೆಗೆ ಕಳಿಸಬೇಕು. ಅವರು ಹಾಕಿದ ಜಡೆ ಶಾಲೆ ತಲುಪುವಷ್ಟರಲ್ಲಿ ಬಿಚ್ಚಿಹೋಗುತ್ತಿತ್ತು ಅಂತ ಮಗಳ ದೂರು. ಭಾನುವಾರ ಮಾತ್ರ ಅವಳನ್ನು ನನ್ನ ಅಮ್ಮನ ಮನೆಯಲ್ಲಿ ಬಿಟ್ಟು ಇಬ್ಬರೂ ಚಾಮುಂಡಿ ಬೆಟ್ಟ ಹತ್ತುತ್ತಿದ್ದೆವು, ಸೈಕಲ್ಲಿನಲ್ಲಿ. ಗೋವಾದ ದಾರಿ ಪೂರ್ತಿ ಸಮತಟ್ಟಲ್ಲ, ಏರು ಅಭ್ಯಾಸ ಇರಲಿ. ಇಳಿದು ಬಂದು ಕುಕ್ಕರಹಳ್ಳಿ ಕೆರೆಯ ಸುತ್ತ ಸ್ವಲ್ಪ ಓಟ, ಆಮೇಲೆ ದೋಸೆ. ನಿಜ ಹೇಳಬೇಕೆಂದರೆ ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ನಾವು ಅಷ್ಟೊಂದು ಹೊತ್ತು ಜೊತೆಗೆ ಕಳೆದದ್ದು ಆ ಆರು ತಿಂಗಳೇ. ನೀವು ಕೇಳಿದ ಜೊತೆ ನಮಗೆ ಸಿಕ್ಕಿದ್ದು ಅಲ್ಲಿ.

ಸಮುದ್ರ ಅಭ್ಯಾಸಕ್ಕೆ ತಡ ಮಾಡಬೇಡಿ, ಅವಸರವನ್ನೂ ಮಾಡಬೇಡಿ. ಗೋವಾದ ರೇಸ್ ಅಕ್ಟೋಬರ್, ನವೆಂಬರ್ ಹೊತ್ತಿಗೆ ಬರುತ್ತದೆ. ಅದಕ್ಕೆ ಮುಂಚಿನ ಮಳೆಗಾಲದಲ್ಲಿ ನಮ್ಮ ಕರಾವಳಿ ಈಜುವ ಸ್ಥಿತಿಯಲ್ಲಿ ಇರುವುದಿಲ್ಲ. ನಾವು ಬೇಸಿಗೆಯಲ್ಲೇ ಎರಡು ಸಲ ಕುಮಟಾಕ್ಕೆ ಹೋಗಿ ಅಲೆಯಲ್ಲಿ ಈಜಿದೆವು. ಉಪ್ಪುನೀರು ಕುಡಿದು ಕುಡಿದು ಗಂಟಲು ಕೆರೆದುಹೋಯಿತು. ಆದರೂ ಆ ಎರಡು ಸಲ ಇಲ್ಲದಿದ್ದರೆ ನಾನು ಗೋವಾದಲ್ಲಿ ನೀರಿಗೇ ಇಳಿಯುತ್ತಿರಲಿಲ್ಲ.

ಇನ್ನು ಆ ಮಾತುಕತೆ. ಹೊರಡುವ ವಾರ ಒಂದು ಸಂಜೆ ಕಾಫಿ ಹಿಡಿದು ಕೂತು ನಿರ್ಧಾರ ಮಾಡಿದೆವು. ಒಬ್ಬರಿಗೆ ಜ್ವರ ಬಂದರೂ ಇನ್ನೊಬ್ಬರು ಶುರು ಮಾಡಬೇಕು. ಈಜಿನಲ್ಲಿ ಒಬ್ಬರನ್ನು ಹೊರಗೆ ಎಳೆದರೆ ಇನ್ನೊಬ್ಬರು ನಿಲ್ಲಬಾರದು. ರೇಸಿನ ಮಧ್ಯೆ ಫೋನ್ ನೋಡುತ್ತ, ಮಾತಾಡುತ್ತ ಹೋಗುವ ಹಾಗಿಲ್ಲ, ಹಾಗಾಗಿ ಅಲ್ಲಿ ಏನಾಯಿತು ಅಂತ ಗೊತ್ತಾಗುವುದೂ ಇಲ್ಲ. ಪಂಕ್ಚರ್ ಅವರವರೇ ಸರಿಮಾಡಿಕೊಳ್ಳಬೇಕು. (ನಿಮ್ಮ ಹೆಂಡತಿಗೆ ಟ್ಯೂಬ್ ಬದಲಿಸಲು ಬರುತ್ತದಾ? ನಿಮಗೆ?) ಓಟದಲ್ಲಿ ಒಬ್ಬರು ಇನ್ನೊಬ್ಬರನ್ನು ಹಿಡಿದರೆ ಮುಂದಿನ ನೀರಿನ ಟೇಬಲ್‌ವರೆಗೆ ಜೊತೆಗೆ ನಡೆಯಬಹುದು, ಆಮೇಲೆ ಹೊರಡಬೇಕು. ಈ ಕೊನೆಯದನ್ನು ಹೇಳಿದ್ದು ಅವರೇ. ಓಟದಲ್ಲಿ ನಾನು ಅವರನ್ನು ಹಿಡಿಯುತ್ತೇನೆ ಅನ್ನುವ ಯೋಚನೆ ಅವರಿಗೆ ಇದ್ದ ಹಾಗಿರಲಿಲ್ಲ.

ರೇಸ್ ದಿನ ಮೂರು ಗಂಟೆಗೆ ಎದ್ದು ಮೊಸರವಲಕ್ಕಿ ತಿಂದೆವು. ಮಿರಾಮಾರ್ ಬೀಚಿನಲ್ಲಿ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಎಲ್ಲರನ್ನೂ ಒಮ್ಮೆಲೇ ಬಿಡುವುದಿಲ್ಲ, ಸಾಲಿನಲ್ಲಿ ನಿಂತು ಕೆಲವೇ ಜನ ಒಟ್ಟಿಗೆ ನೀರಿಗೆ ಇಳಿಯುತ್ತಾರೆ. ಪ್ರತಿಯೊಬ್ಬರ ಗಡಿಯಾರ ಅವರು ಸಮಯ ದಾಖಲಿಸುವ ಮ್ಯಾಟ್ ತುಳಿದ ಕ್ಷಣದಿಂದ ಶುರು. ಹಾಗಾಗಿ ಸಾಲಿನಲ್ಲಿ ಜೊತೆಗೆ ನಿಂತರೆ ಜೊತೆಗೇ ಶುರು ಮಾಡಬಹುದು. ನಾವು ಹಾಗೇ ಮಾಡಿದೆವು. ಎರಡು ನಿಮಿಷದಲ್ಲಿ ಅವರ ಟೋಪಿ ಬೇರೆ ಟೋಪಿಗಳ ನಡುವೆ ಕಳೆದುಹೋಯಿತು.

ನನಗೆ ಇನ್ನೂರು ಮೀಟರಿಗೇ ಎದೆ ಬಡಿದುಕೊಳ್ಳಲು ಶುರುವಾಯಿತು. ಯಾರದೋ ಕಾಲು ಮುಖಕ್ಕೆ ಬಡಿಯಿತು, ಗಾಗಲ್ ಒಳಗೆ ನೀರು. ಕಾವಲಿಗೆ ಇರುವ ದೋಣಿಯನ್ನು ಹಿಡಿದುಕೊಂಡು ಸುಧಾರಿಸಿಕೊಳ್ಳಬಹುದು, ಅದನ್ನು ಹಿಡಿದು ಮುಂದೆ ಸಾಗಬಾರದು ಅಷ್ಟೇ. ಒಂದು ನಿಮಿಷ ಹಿಡಿದುಕೊಂಡೆ. ಅಲ್ಲಿ ನಮ್ಮನೆಯವರು ಪಕ್ಕದಲ್ಲಿ ಇದ್ದಿದ್ದರೆ ನಾನು ಅತ್ತೇಬಿಡುತ್ತಿದ್ದೆ, ಅವರು ವಾಪಸ್ ಹೋಗೋಣ ಅನ್ನುತ್ತಿದ್ದರು, ನಾನು ಹೂಂ ಅನ್ನುತ್ತಿದ್ದೆ. ದೋಣಿಯ ಹುಡುಗ ಗುರುತು ಪರಿಚಯ ಇಲ್ಲದವನು. ಅವನ ಮುಂದೆ ಅಳಲು ನಾಚಿಕೆ. ಬಿಟ್ಟು ಈಜಿದೆ. 58 ನಿಮಿಷಕ್ಕೆ ದಡ. ಅವರು 39 ನಿಮಿಷಕ್ಕೇ ಎದ್ದು ಹೋಗಿದ್ದರು.

ಸೈಕಲ್ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ. ಅದು ಸುತ್ತು ಹಾಕುವ ದಾರಿ, ಎದುರಿನಿಂದ ಬರುವವರು ಕಾಣುತ್ತಾರೆ. ನಮ್ಮನೆಯವರು ಎರಡು ಸಲ ಎದುರು ಸಿಕ್ಕರು. ಮೊದಲ ಸಲ ನಗು. ಎರಡನೇ ಸಲ ನಾನು "ರೀ, ಉಪ್ಪಿನ ಮಾತ್ರೆ ತಗೊಂಡ್ರಾ?" ಅಂತ ಕೂಗಿದೆ. ಕೈ ಆಡಿಸಿದರು. ತಗೊಂಡಿದ್ದೇನೆ ಅಂತ ನಾನು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಮಾತ್ರೆ ಡಬ್ಬಿ ಚೀಲದಲ್ಲೇ ಉಳಿದುಹೋಗಿತ್ತು. ನಾಲ್ಕು ಗಂಟೆ ಬರೀ ನೀರು ಕುಡಿದಿದ್ದರು, ಅದರ ಮೇಲೆ ಮೊದಲ 30 ಕಿ.ಮೀ. ಹುಮ್ಮಸ್ಸಿನಲ್ಲಿ ಹೊಡೆದಿದ್ದರು.

ಓಟ ಶುರುವಾಗುವ ಹೊತ್ತಿಗೆ ನೆತ್ತಿ ಮೇಲೆ ಬಿಸಿಲು. ಮೈಸೂರಿನ ಬಿಸಿಲಲ್ಲ ಅದು. ಬೆವರು ಆರುವುದೇ ಇಲ್ಲ. ಸಿಕ್ಕ ಸಿಕ್ಕ ಕಡೆ ಟೋಪಿಯೊಳಗೆ ಐಸು ತುಂಬಿಕೊಂಡು ಹೋದೆ. ಒಂಬತ್ತನೇ ಕಿಲೋಮೀಟರ್ ಹತ್ತಿರ ಒಬ್ಬರು ರಸ್ತೆ ಬದಿ ಕಟ್ಟೆ ಹಿಡಿದು ಮೀನಖಂಡ ಚಾಚುತ್ತಿದ್ದರು. ಬೆನ್ನು ನೋಡಿಯೇ ಗೊತ್ತಾಯಿತು.

"ಕಾಲು ಹಿಡ್ಕೊಂಡಿದೆ" ಅಂದರು. ನನ್ನ ಹತ್ತಿರ ಇದ್ದ ನಾಲ್ಕು ಉಪ್ಪಿನ ಮಾತ್ರೆ ಕೊಟ್ಟೆ. ನೀರಿನ ಟೇಬಲ್‌ವರೆಗೆ ಜೊತೆಗೆ ನಡೆದೆವು, ಹತ್ತು ನಿಮಿಷ ಆಗಿರಬಹುದು. ಟೇಬಲ್ ಬಂತು. ನಾನು ಸುಮ್ನೆ ನೀರಿನ ಲೋಟ ಹಿಡಿದು ನಿಂತೆ. "ನೀ ಹೋಗೆ ಮಾರಾಯ್ತಿ" ಅಂದರು. ನಾನು ಕದಲಲಿಲ್ಲ. "ನೀನು ನಿಂತರೆ ನಾನೂ ನಿಲ್ತೇನೆ. ಆಮೇಲೆ ಎದ್ದೇಳೋದಿಲ್ಲ." ಹೋದೆ. ಅಷ್ಟು ತಯಾರಿಯಲ್ಲಿ, ಅಷ್ಟು ದೂರದಲ್ಲಿ, ನನಗೆ ಕಷ್ಟ ಆಗಿದ್ದು ಅಲ್ಲಿಂದ ಹೊರಟ ಮೊದಲ ನೂರು ಹೆಜ್ಜೆ. ತಿರುಗಿ ನೋಡಲಿಲ್ಲ, ನೋಡಿದ್ದರೆ ವಾಪಸ್ ಹೋಗುತ್ತಿದ್ದೆ.

ಓಟವೂ ಸುತ್ತು ಆಗಿರುವುದರಿಂದ ಆಮೇಲೂ ಎದುರುಬದುರಾದೆವು. ಅವರು ಕೈ ಬೀಸಿಕೊಂಡು ಜೋರಾಗಿ ನಡೆಯುತ್ತಿದ್ದರು, ಕೆರೆ ಸುತ್ತ ವಾಕಿಂಗ್ ಮಾಡುವ ನಿವೃತ್ತರ ಹಾಗೆ. ಹತ್ತಿರ ಬಂದಾಗ ಅಂಗೈ ತಟ್ಟಿದೆವು. ನೋಡುತ್ತಿದ್ದ ಸ್ವಯಂಸೇವಕ ಹುಡುಗರು ಕೇಕೆ ಹಾಕಿದರು.

ನಾನು ಮುಗಿಸಿ, ಪದಕ ಹಾಕಿಸಿಕೊಂಡು, ಚೀಲದಿಂದ ಫೋನ್ ತೆಗೆದರೆ ಅತ್ತೆಯ ಏಳು ಮಿಸ್ಡ್ ಕಾಲ್. ಕುಮಟಾದಲ್ಲಿ ಕೂತು ಮೊಮ್ಮಗಳ ಸಹಾಯದಿಂದ ಆ್ಯಪ್‌ನಲ್ಲಿ ನಮ್ಮಿಬ್ಬರನ್ನೂ ನೋಡುತ್ತಿದ್ದರು. ವಾಪಸ್ ಮಾಡಿದೆ. "ಅವನನ್ನ ದಾರೀಲಿ ಬಿಟ್ಟು ನೀ ಒಬ್ಳೇ ಬಂದ್ಯನೇ?" ಅಂದರು. ಶಹಬ್ಬಾಸ್ ಇಲ್ಲ, ಏನಿಲ್ಲ. ಏನಂತ ಹೇಳಲಿ? ಡ್ರಾಫ್ಟಿಂಗ್ ನಿಯಮ ವಿವರಿಸಲಾ? 37 ನಿಮಿಷ ಬೇಲಿ ಹಿಡಿದು ನಿಂತೆ. ನಮ್ಮನೆಯವರು ಬಂದಾಗ ಗಡುವಿಗೆ ಒಂಬತ್ತು ನಿಮಿಷ ಬಾಕಿ.

ಕೈ ಕೈ ಹಿಡಿದು ಗೆರೆ ದಾಟುವ ಫೋಟೋ ನಿಮ್ಮ ತಲೆಯಲ್ಲಿ ಇರಬಹುದು, ನಮ್ಮ ತಲೆಯಲ್ಲೂ ಇತ್ತು. 2019ರ ಆಗಸ್ಟ್‌ನಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸ್‌ಗೆ ಮುಂಚಿನ, ಇದೇ ಈಜು, ಸೈಕಲ್, ಓಟದ ಪರೀಕ್ಷಾ ರೇಸ್ ನಡೆಯಿತು. ಬ್ರಿಟನ್ನಿನ ಜೆಸ್ಸಿಕಾ ಲಿಯರ್ಮಂತ್, ಜಾರ್ಜಿಯಾ ಟೇಲರ್-ಬ್ರೌನ್ ಹಾಗೆ ಕೈ ಹಿಡಿದು ಮೊದಲು ಬಂದರು. ಬೇಕೆಂದೇ ಸಮ ಮಾಡಿಕೊಂಡರು ಅಂತ ಇಬ್ಬರನ್ನೂ ಅನರ್ಹ ಮಾಡಿ ಗೆಲುವನ್ನು ಬರ್ಮುಡಾದ ಫ್ಲೋರಾ ಡಫಿಗೆ ಕೊಟ್ಟರು. ಅದು ಬೇರೆ ಸಂಸ್ಥೆಯ ನಿಯಮ, ಗೆಲ್ಲುವವರ ತಲೆನೋವು. ನಿಮಗೆ ಆ ಆಸೆ ಇದ್ದರೆ ರೇಸಿಗೆ ಮುಂಚೆ ನಡೆಯುವ ಬ್ರೀಫಿಂಗ್‌ನಲ್ಲಿ ಕೇಳಿಬಿಡಿ. ಫೋಟೋಗೋಸ್ಕರ ಒಬ್ಬರನ್ನೊಬ್ಬರು ಕಾಯುವುದಂತೂ ಬೇಡ.

ಜೊತೆಯಾಗಿಯೇ ಮಾಡಬೇಕು ಅನ್ನುವುದೇ ಮುಖ್ಯವಾದರೆ ಮೊದಲ ವರ್ಷ ರಿಲೇ ನೋಡಿ. ಒಬ್ಬರು ಈಜಿ, ಒಬ್ಬರು ಸೈಕಲ್ ಹೊಡೆದು, ಒಬ್ಬರು ಓಡುತ್ತಾರೆ. ನಿಮ್ಮಿಬ್ಬರಿಗೆ ಒಬ್ಬ ಗೆಳೆಯನನ್ನು ಸೇರಿಸಿಕೊಂಡರೆ ಆಯಿತು.

ಇನ್ನೊಂದು ಮಾತು ಮರೆತಿದ್ದೆ. ರೂಮು ಬುಕ್ ಮಾಡುವಾಗ ಲಿಫ್ಟ್ ಇದೆಯಾ ಅಂತ ಕೇಳಿ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇರಲಿಲ್ಲ. ರಾತ್ರಿ ಊಟ ಮುಗಿಸಿ ಬಂದು ಇಬ್ಬರೂ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದೆವು, ಈ ಸಲ ಜೊತೆಯಾಗಿಯೇ.