ಸಾರ್ವೆ ಇದೆ, ಆಳುಗಳೆಲ್ಲಿ?

ಪ್ರಶ್ನೆ: ನಮ್ಮ ಮುತ್ತಾತ ಮೇಸ್ತ್ರಿಯಾಗಿದ್ದರಂತೆ. ಅಟ್ಟದ ಟ್ರಂಕಿನಲ್ಲಿ ಒಂದು ಹಳೇ ಫೋಟೋ ಸಿಕ್ಕಿದೆ. ಕಂದು ಬಣ್ಣ, ದಪ್ಪ ರಟ್ಟಿಗೆ ಅಂಟಿಸಿದ್ದಾರೆ. ಅರ್ಧ ಎದ್ದ ಕಲ್ಲಿನ ಕಟ್ಟಡ, ಸುತ್ತ ಸಾರ್ವೆ. ಆದರೆ ಕೆಲಸದವರು ಒಬ್ಬರೂ ಇಲ್ಲ, ಅಲ್ಲಲ್ಲಿ ಹೊಗೆ ಥರ ಕಲೆ. ಕೆಲಸ ನಿಂತಿದ್ದಾಗ ತೆಗೆದದ್ದಾ? ಇದನ್ನು ಇಟ್ಟುಕೊಂಡು ಏನಾದರೂ ಉಪಯೋಗ ಇದೆಯಾ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಆ ಹೊಗೆಯನ್ನು ದಯವಿಟ್ಟು ಒರೆಸಲು ಹೋಗಬೇಡಿ. ಅದು ಬಹುಶಃ ಕಲೆ ಅಲ್ಲ, ಆಳುಗಳೇ.

ಹಳೇ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೆ ಹಲವು ಸೆಕೆಂಡು, ತೀರಾ ಮೊದಲ ಕಾಲದಲ್ಲಿ ನಿಮಿಷಗಟ್ಟಲೆ ಬೆಳಕು ಬಿಡಬೇಕಿತ್ತು. ಗೋಡೆ ಅಲುಗಾಡುವುದಿಲ್ಲ, ಅದಕ್ಕೇ ಒಂದೊಂದು ಕಲ್ಲೂ ಚೆನ್ನಾಗಿ ಮೂಡುತ್ತದೆ. ಬಾಂಡ್ಲಿ ಹೊತ್ತು ಓಡಾಡುವವರು ಮಸುಕಾಗುತ್ತಾರೆ, ಇಲ್ಲವೇ ಪೂರ್ತಿ ಮಾಯವಾಗುತ್ತಾರೆ. ಇಂಥದೇ ಒಂದು ಚಿತ್ರವನ್ನು ನಾನು ಭೂತಗನ್ನಡಿ ಇಟ್ಟು ನೋಡುತ್ತಿದ್ದೆ. ಒಂದು ಕಡೆ ಎರಡು ಪಾದ ಮಾತ್ರ ಸ್ಪಷ್ಟವಾಗಿ ಕಂಡವು. ಮೊಣಕಾಲಿನ ಮೇಲೆ ಬರೀ ಮಸುಕು. ಯಾರೋ ನಿಂತಲ್ಲೇ ನಿಂತು ಕೈಯೆತ್ತಿ ಕೆಲಸ ಮಾಡುತ್ತಿದ್ದಾರೆ! ಆ ಪಾದಗಳನ್ನು ನೋಡಿದ ಮೇಲೆ ಇಂಥ ಚಿತ್ರಗಳನ್ನು ಖಾಲಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ನಿಮ್ಮ ಚಿತ್ರದಲ್ಲೂ ಮಸುಕಿನ ಬುಡದಲ್ಲಿ ಪಾದ ಇದೆಯಾ ನೋಡಿ. ಇದ್ದರೆ ಕೆಲಸ ನಡೆಯುತ್ತಿತ್ತು ಅಂತಲೇ ಅರ್ಥ.

ಕಟ್ಟುತ್ತಿರುವ ಕಟ್ಟಡದ ಫೋಟೋ ತೆಗೆಯುವುದು ಹೊಸ ಚಟ ಏನಲ್ಲ. ಫೋಟೋ ಕಲೆ ಜಗತ್ತಿಗೆ ಗೊತ್ತಾಗಿದ್ದು 1839ರಲ್ಲಿ. ಐದೇ ವರ್ಷಕ್ಕೆ, 1844ರಲ್ಲಿ, ಟಾಲ್ಬಟ್ ಎಂಬುವವರು ಲಂಡನ್ನಿನಲ್ಲಿ ಏಳುತ್ತಿದ್ದ, ನೌಕಾಪಡೆಯ ನಾಯಕ ನೆಲ್ಸನ್ ನೆನಪಿನ ಕಂಬವನ್ನು ಕಾಗದದ ನೆಗೆಟಿವ್ ಮೇಲೆ ಹಿಡಿದರು. ಕಂಬದ ತುದಿ ಆ ಚಿತ್ರದಲ್ಲಿ ಇಲ್ಲವೇ ಇಲ್ಲ. ಬುಡದಲ್ಲಿನ ಮರದ ಕಟ್ಟು, ಹಲಗೆ ಬೇಲಿ, ಅದರ ಮೇಲೆ ಅಂಟಿಸಿದ ಪೋಸ್ಟರುಗಳು ಇವೆ. ಈಗ ಅಲ್ಲಿ ಹೋಗಿ ನೋಡಿದರೆ ಇವು ಯಾವುವೂ ಸಿಗುವುದಿಲ್ಲ.

1851ರಲ್ಲಿ ಗಾಜಿನ ಒದ್ದೆ ಫಲಕದ ವಿಧಾನ ಬಂತು. ಚಿತ್ರ ಬಹಳ ಚುರುಕು, ಆದರೆ ಪಾಡು ಜಾಸ್ತಿ. ಫಲಕಕ್ಕೆ ರಾಸಾಯನಿಕ ಬಳಿದು, ಒದ್ದೆ ಆರುವುದರೊಳಗೆ ಚಿತ್ರ ತೆಗೆದು, ಅಲ್ಲೇ ತೊಳೆಯಬೇಕು. ಅಂದರೆ ಕಟ್ಟಡದ ಪಕ್ಕದಲ್ಲೇ ಕತ್ತಲೆ ಡೇರೆ ಹೂಡಬೇಕು. ಅಷ್ಟೆಲ್ಲ ಪಟ್ಟುಕೊಂಡು ಡೆಲಮೊಟ್ ಎಂಬುವವರು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಎಂಬ ಕಬ್ಬಿಣ-ಗಾಜಿನ ದೊಡ್ಡ ಕಟ್ಟಡವನ್ನು ಸಿಡನ್‌ಹ್ಯಾಮ್‌ನಲ್ಲಿ ಮತ್ತೆ ಕಟ್ಟಿದ ಕೆಲಸವನ್ನು 1854ರಲ್ಲಿ ಅದು ತೆರೆಯುವವರೆಗೆ ಹಂತಹಂತವಾಗಿ ಚಿತ್ರಿಸಿದರು. ಕಬ್ಬಿಣದ ಕಂಬ ಹೇಗೆ ನಿಂತಿತು, ಮೇಲಿನ ಕಮಾನು ಯಾವಾಗ ಕೂತಿತು, ಎಲ್ಲ ಅದರಲ್ಲಿದೆ. 1936ರಲ್ಲಿ ಆ ಕಟ್ಟಡ ಸುಟ್ಟುಹೋಯಿತು. ನಮ್ಮ ಲಾಲ್‌ಬಾಗ್ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದಾಗ ಮಾದರಿಯಾಗಿದ್ದು ಅದೇ. ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಹೂವಿನ ಜೊತೆ ಒಮ್ಮೆ ತಲೆಯೆತ್ತಿ ಆ ಕಬ್ಬಿಣದ ಜೋಡಣೆಯನ್ನೂ ನೋಡಿ ಬನ್ನಿ.

ಉಪಯೋಗ ಏನು ಅಂದಿರಿ. ಕಟ್ಟಡ ಮುಗಿದ ಮೇಲೆ ಗಿಲಾವು, ಸುಣ್ಣ ಎಲ್ಲ ಸೇರಿ ಒಳಗಿನದನ್ನು ಮುಚ್ಚಿಬಿಡುತ್ತವೆ. ಗೋಡೆ ಪೂರ್ತಿ ಕಲ್ಲೋ, ನಡುವೆ ಇಟ್ಟಿಗೆಯೋ? ಕಮಾನಿನ ಕೆಳಗೆ ಎಂಥ ಸೆಂಟ್ರಿಂಗ್ (ಕಟ್ಟುವಾಗ ಕೊಡುವ ತಾತ್ಕಾಲಿಕ ಆಸರೆ) ಕೊಟ್ಟಿದ್ದರು? ಯಾವ ಗೋಡೆ ಮೊದಲು ಎದ್ದಿತು? ಇದನ್ನು ಅರ್ಧ ಕಟ್ಟಿದ ಚಿತ್ರ ತೋರಿಸುತ್ತದೆ. ಸಾರ್ವೆಯ ಅಡ್ಡಮರ ಗೋಡೆಯೊಳಗೆ ಹೋಗಿದ್ದರೆ ಅಲ್ಲಿ ತೂತು ಬಿಟ್ಟಿರುತ್ತಾರೆ, ಆಮೇಲೆ ಮುಚ್ಚುತ್ತಾರೆ. ಹಳೇ ಗಾರೆ ಗೋಡೆಗಳಲ್ಲಿ ಒಂದೇ ಸಾಲಿನಲ್ಲಿ, ಒಂದೇ ಅಂತರದಲ್ಲಿ ತೇಪೆ ಕಂಡರೆ ಅದು ಇದೇ ಇರಬಹುದು. ಅದು ಗೊತ್ತಿಲ್ಲದೆ ಎಷ್ಟೋ ಜನ ಗೋಡೆ ಬಿರುಕು ಬಿಟ್ಟಿದೆ ಎಂದು ಹೆದರಿ ಸುಮ್ನೆ ಸಿಮೆಂಟ್ ಮೆತ್ತುತ್ತಾರೆ. ಗಾರೆ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಗೆ ಬರಲು ದಾರಿ ಸಿಗುವುದಿಲ್ಲ. ನಿಮ್ಮ ಫೋಟೋದಲ್ಲಿರುವ ಕಟ್ಟಡ ಇನ್ನೂ ನಿಂತಿದ್ದರೆ, ಅದರ ರಿಪೇರಿ ಮಾಡುವವರಿಗೆ ಈ ಒಂದು ಚಿತ್ರ ತುಂಬ ಬೆಲೆಯುಳ್ಳದ್ದು.

ಈಗ ಮಾಡಬೇಕಾದ್ದು ಇಷ್ಟು. ಲ್ಯಾಮಿನೇಷನ್ ಬೇಡವೇ ಬೇಡ. ರಟ್ಟಿನಿಂದ ಕೀಳಬೇಡಿ, ಬಿಸಿಲಿಗೆ ಇಡಬೇಡಿ, ಗೋಡೆಗೆ ತಗುಲಿದ ಬೀರುವಿನಲ್ಲಿ ಮಳೆಗಾಲದಲ್ಲಿ ಬಿಡಬೇಡಿ. 600 ಡಿಪಿಐ ಅಥವಾ ಅದಕ್ಕಿಂತ ಜಾಸ್ತಿಯಲ್ಲಿ ಸ್ಕ್ಯಾನ್ ಮಾಡಿಸಿ, ರಟ್ಟಿನ ಹಿಂಬದಿಯನ್ನೂ ಸೇರಿಸಿ. ಸ್ಟುಡಿಯೋ ಹೆಸರೋ ಪೆನ್ಸಿಲ್ ಬರಹವೋ ಇದ್ದರೆ ಕಟ್ಟಡ ಯಾವುದೆಂದು ಹುಡುಕಲು ಅದೇ ಮೊದಲ ಸುಳಿವು. ಸ್ಕ್ಯಾನ್ ಆದ ಮೇಲೆ ಕಂಪ್ಯೂಟರಿನಲ್ಲಿ ಕತ್ತಲೆ ಭಾಗಗಳನ್ನು ಸ್ವಲ್ಪ ತಿಳಿ ಮಾಡಿ, ಬಾಗಿಲಿನ ಒಳಗೆ, ಸಾರ್ವೆಯ ನೆರಳಿನಲ್ಲಿ ನಿಧಾನವಾಗಿ ಹುಡುಕಿ. ಕೆಲಸ ಮಾಡುವವರು ಅಲುಗಾಡಿ ಮಸುಕಾಗಿರುತ್ತಾರೆ. ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಒಂದು ಕಡೆ ಸುಮ್ಮನೆ ನಿಂತಿದ್ದರೆ, ಅವರ ಮುಖ ಸಿಕ್ಕರೂ ಸಿಗಬಹುದು.